ಅಟೆಸ್ಟ್ ಎಂದರೆ ಕಂಡು ಹಾಕುವ ಸಹಿ

‘ಸರ್, ನಮ್ಮಪ್ಪಾರು ಮನ್ಯಾಗೇ ಸಹಿ ಮಾಡ್ಯಾರ, ಇಲ್ಲಿ ಯಾರ ಕೈಲಾದ್ರೂ ಎರಡು ಅಟೆಸ್ಟ್ ಹಾಕಿಸಿಬಿಡ್ರಿ’ ಎನ್ನುತ್ತ ಉಯಿಲಿನ ಕಾಗದವನ್ನು ಮೇಜಿನ ಮೇಲಿಡುವವರು ದಾವಣಗೆರೆಯ ನನ್ನ ಕಚೇರಿಗೆ ಇಂದಿಗೂ ಬರುತ್ತಾರೆ. ಜೆರಾಕ್ಸ್ ಪ್ರತಿಗಳಿಗೆ ಅಧಿಕಾರಿಗಳ ಸೀಲು ಹಾಕಿಸಿ ರೂಢಿಯಾದ ನಮ್ಮ ಜನ, ಅಟೆಸ್ಟ್ ಎಂದರೆ ಸೀಲು ಮತ್ತು ಸಹಿ ಎಂದಷ್ಟೇ ತಿಳಿದಿದ್ದಾರೆ.

ಈ ಕ್ರಿಯಾಪದ ಲ್ಯಾಟಿನ್ನಿನ ‘ಅಟ್ಟೆಸ್ಟಾರಿ’ಯಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಅದರೊಳಗಿನ ‘ಟೆಸ್ಟಿಸ್’ ಎಂದರೆ ಸಾಕ್ಷಿ. ಇಬ್ಬರ ವ್ಯವಹಾರದ ಬಳಿ ಮೂರನೆಯವನಾಗಿ ನಿಂತವನು ಎಂದು ಭಾಷಾಶಾಸ್ತ್ರಜ್ಞರು ಆ ಪದವನ್ನು ಬಿಡಿಸುತ್ತಾರೆ. ಉಯಿಲಿಗೆ ಇಂಗ್ಲಿಷಿನಲ್ಲಿರುವ ‘ಟೆಸ್ಟಮೆಂಟ್’ ಎಂಬ ಹೆಸರೂ ಇದೇ ಬೇರಿನದು. ನಮ್ಮ ‘ಸಾಕ್ಷಿ’ಯಲ್ಲಂತೂ ‘ಅಕ್ಷಿ’, ಅಂದರೆ ಕಣ್ಣೇ ಇದೆ. ಪಾಣಿನಿಯೂ ಸಾಕ್ಷಾತ್ ಕಂಡವನಿಗೇ ಆ ಹೆಸರನ್ನು ಹೇಳಿದ್ದಾನೆ. ಅಪ್ಪ ಮನೆಯಲ್ಲಿ ಸಹಿ ಮಾಡುವಾಗ ನನ್ನ ಗುಮಾಸ್ತ ಅಲ್ಲಿ ನಿಂತಿರಲೂ ಇಲ್ಲ, ಅದನ್ನು ಕಾಣಲೂ ಇಲ್ಲ.

ಕಾನೂನು ಕೇಳುವುದೂ ಇದನ್ನೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಪ್ರತಿಯೊಬ್ಬರೂ ಕಂಡಿರಬೇಕು, ಇಲ್ಲವೇ ಅದು ತಮ್ಮದೇ ಎಂದು ಬರೆಸಿದವರೇ ಅವರಿಗೆ ಒಪ್ಪಿ ತಿಳಿಸಿರಬೇಕು, ಆಮೇಲೆ ಬರೆಸಿದವರ ಎದುರಿನಲ್ಲೇ ಸಾಕ್ಷಿಗಳು ಸಹಿ ಹಾಕಬೇಕು. ಇಬ್ಬರೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ. ಒಳಗೆ ಯಾವ ತೋಟ ಯಾರ ಪಾಲಿಗೆ ಎಂದು ಬರೆದಿದೆಯೋ ಅದನ್ನು ಅವರು ಓದಬೇಕೆಂದೂ ಇಲ್ಲ. ‘ಒಳಗಿರೋದು ಗೊತ್ತಿಲ್ದೆ ಹೆಂಗ ಸಹಿ ಹಾಕ್ಲಿ’ ಎಂದು ಹಿಂಜರಿಯುವ ಸಜ್ಜನರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ.

ಚನ್ನಗಿರಿ ಕಡೆಯ ಒಂದು ಅಡಿಕೆ ತೋಟದ ದಾವೆಯಲ್ಲಿ ಸಾಕ್ಷಿಕಟ್ಟೆ ಹತ್ತಿದ ಹಿರಿಯರು ಪಾಟೀಸವಾಲಿನಲ್ಲಿ ಏನನ್ನೂ ಮುಚ್ಚಿಡದೆ, ‘ಗೌಡ್ರ ಮಗ ಕಾಗದ ತಂದ, ಗೌಡ್ರ ಸಹಿ ಆಗ್ಲೇ ಇತ್ತು, ನಾನೂ ಹಾಕಿದೆ’ ಎಂದರು. ಸುಳ್ಳಾಡದ ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವವಿದೆ. ಇನ್ನೊಬ್ಬ ಸಾಕ್ಷಿ ತೀರಿಕೊಂಡಿದ್ದರು, ಉಯಿಲು ನಿಲ್ಲಲಿಲ್ಲ. ಗೌಡರು ಬದುಕಿದ್ದಾಗ ಇಬ್ಬರನ್ನೂ ಜಗುಲಿಗೆ ಕರೆದು, ‘ಇದು ನಂದೇ ಸಹಿ’ ಎಂದು ಬೆರಳಿಟ್ಟು ತೋರಿಸಿ, ಅಲ್ಲೇ ಅವರಿಂದ ಸಹಿ ಹಾಕಿಸಿದ್ದರೆ ಆ ಅಡ್ಡಿ ಬರುತ್ತಿರಲಿಲ್ಲ.

ಒಂದೊಂದು ದಾವೆಯ ಸಂಗತಿ ಒಂದೊಂದು ಬಗೆ. ನಿಮ್ಮ ಕಾಗದವನ್ನು ನಿಮ್ಮ ವಕೀಲರಿಗೇ ತೋರಿಸಿ ಕೇಳಿರಿ. ಹೋಗುವಾಗ ಅಪ್ಪನನ್ನೂ ಕರೆದೊಯ್ಯಿರಿ. ಅವರಿಗೆ ನಡೆಯಲಾಗದಿದ್ದರೆ ಸಾಕ್ಷಿಗಳನ್ನೇ ಅವರ ಮಂಚದ ಬಳಿಗೆ ಕರೆತನ್ನಿ.