ಸಂಸದರ ಖಾಸಗಿ ಮಸೂದೆ ಕಾನೂನಾಗುತ್ತದೆಯೇ?

ಪ್ರಶ್ನೆ: ಕಾಡಾನೆ ಹಾವಳಿ ತಡೆಗೆ ಒಂದು, ಹೆದ್ದಾರಿ ಸುರಕ್ಷತೆಗೆ ಒಂದು, ವೃದ್ಧರ ಪಿಂಚಣಿ ಹೆಚ್ಚಳಕ್ಕೆ ಇನ್ನೊಂದು ಎಂದು ಸಂಸದರು ಖಾಸಗಿ ಮಸೂದೆ ಮಂಡಿಸಿದ ಸುದ್ದಿ ಆಗಾಗ ಬರುತ್ತದೆ. ಆಮೇಲೆ ಅವುಗಳ ಸುಳಿವೇ ಇರುವುದಿಲ್ಲ. ಅವು ಕಾನೂನಾಗುತ್ತವೆಯೇ? ಆಗದಿದ್ದರೆ ಮಂಡಿಸುವುದಾದರೂ ಏಕೆ?

ಉತ್ತರ: ಬಹುಮಟ್ಟಿಗೆ ಆಗುವುದಿಲ್ಲ. ಸ್ವತಂತ್ರ ಭಾರತದಲ್ಲಿ ಹೀಗೆ ಬಂದು ಕಾನೂನಾದವು ಕೇವಲ 14. ಕೊನೆಯದು ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿ ವ್ಯಾಪ್ತಿಯನ್ನು ಹಿಗ್ಗಿಸಿದ್ದು. ಅದು 1970ರ ಮಾತು. ಅಂದಿನಿಂದ ಬಾಗಿಲು ಮುಚ್ಚಿಯೇ ಇದೆ.

ಸದನದ ಲೆಕ್ಕದಲ್ಲಿ ಮಂತ್ರಿಯಲ್ಲದ ಎಲ್ಲರೂ ಖಾಸಗಿ ಸದಸ್ಯರೇ, ಆಳುವ ಪಕ್ಷದವರೂ ಸೇರಿ. ಲೋಕಸಭೆಯಲ್ಲಿ ಅವರ ಪಾಲಿಗೆ ಇರುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಅದರಲ್ಲೂ ಒಂದು ವಾರ ಮಸೂದೆಗಳ ಸರದಿಯಾದರೆ ಮರುವಾರ ನಿರ್ಣಯಗಳದು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಊರಿನ ವಿಮಾನ ಹಿಡಿಯುವವರು ಎದ್ದು ಹೊರಟಿರುತ್ತಾರೆ. ಕೋರಂಗೆ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, 55 ಮಂದಿ ಬೇಕು. ಯಾರಾದರೂ ಎದ್ದುನಿಂತು ಅಷ್ಟು ಜನ ಇಲ್ಲ ಎಂದರೆ ಗಂಟೆ ಬಾರಿಸಿ ಕಾಯಬೇಕು. ಆಗಲೂ ತುಂಬದಿದ್ದರೆ ಮಸೂದೆ ಅರ್ಧದಲ್ಲೇ ನಿಲ್ಲುತ್ತದೆ. ಯಾವ ಸದಸ್ಯರ ಮಸೂದೆ ಚರ್ಚೆಗೆ ಬರಬೇಕೆಂಬುದೂ ಚೀಟಿ ಎತ್ತಿದಂತೆ ಅದೃಷ್ಟದ ಮೇಲೆ ನಿಂತಿದೆ. ಚರ್ಚೆಯಾದರೂ ಕೊನೆಗೆ ಸಚಿವರು ಎದ್ದು, ಸದಸ್ಯರ ಕಳಕಳಿ ಮೆಚ್ಚತಕ್ಕದ್ದು, ಸರ್ಕಾರ ಈಗಾಗಲೇ ಕ್ರಮ ಕೈಗೊಂಡಿದೆ, ದಯವಿಟ್ಟು ಮಸೂದೆ ಹಿಂಪಡೆಯಬೇಕು ಎನ್ನುತ್ತಾರೆ. ಸದಸ್ಯರು ಹಿಂಪಡೆಯುತ್ತಾರೆ. ಮಿಕ್ಕವು ಲೋಕಸಭೆ ವಿಸರ್ಜನೆಯಾದಾಗ ತಾವಾಗಿಯೇ ಸಾಯುತ್ತವೆ.

ಪಿಂಚಣಿಯ ಮಸೂದೆಗೆ ಇನ್ನೂ ಒಂದು ಅಡ್ಡಗಲ್ಲು ಇದೆ. ಸರ್ಕಾರದ ಆದಾಯ ಸೇರುವ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಹಣ ಖರ್ಚಾಗುವ ಯಾವ ಮಸೂದೆಯನ್ನೂ ರಾಷ್ಟ್ರಪತಿಯವರ ಶಿಫಾರಸು ಇಲ್ಲದೆ ಅಂಗೀಕರಿಸುವಂತಿಲ್ಲ. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. ಅಂದರೆ ಸರ್ಕಾರಕ್ಕೆ ಮನಸ್ಸಿಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಹಾಗಾದರೆ ಏಕೆ ಮಂಡಿಸುತ್ತಾರೆ? ಸುದ್ದಿಗಾಗಿ ಮಂಡಿಸುವವರೂ ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸೋತ ಮಸೂದೆ ಕೆಲವೊಮ್ಮೆ ಸರ್ಕಾರದ ಕೈಹಿಡಿದು ಎಳೆದದ್ದೂ ಉಂಟು. ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡವರು. ಪ್ರಾಣಿಹಿಂಸೆ ತಡೆಯಲು ಅವರು ತಂದ ಖಾಸಗಿ ಮಸೂದೆಯನ್ನು, ಸರ್ಕಾರವೇ ಕಾನೂನು ತರುತ್ತದೆ ಎಂಬ ನೆಹರೂ ಅವರ ಭರವಸೆಯ ಮೇಲೆ ಹಿಂಪಡೆದರು. 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ರಚನೆಯಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ ಆದರು.

ಎಲ್ಲ ಭರವಸೆಗಳೂ ಹೀಗೆ ಫಲಿಸುವುದಿಲ್ಲ. ಡಿಎಂಕೆಯ ತಿರುಚಿ ಶಿವ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ತಂದಾಗ, ಅಂದಿನ ಸಾಮಾಜಿಕ ನ್ಯಾಯ ಸಚಿವ, ಮುಂದೆ ಕರ್ನಾಟಕದ ರಾಜ್ಯಪಾಲರಾದ ಥಾವರ್ ಚಂದ್ ಗೆಹಲೋತ್ ಹಿಂಪಡೆಯಲು ಕೋರಿದರು. ಶಿವ ಒಪ್ಪಲಿಲ್ಲ. 2015ರ ಏಪ್ರಿಲ್ 24ರಂದು ರಾಜ್ಯಸಭೆ ಅದನ್ನು ಅಂಗೀಕರಿಸಿಯೇಬಿಟ್ಟಿತು. ಲೋಕಸಭೆಯಲ್ಲಿ ಅದು ದಡ ಸೇರಲಿಲ್ಲ. 2019ರಲ್ಲಿ ಕಾನೂನಾದದ್ದು ಸರ್ಕಾರದ್ದೇ ಮಸೂದೆ. ಶಿವ ಅವರ ಕರಡಿನಲ್ಲಿದ್ದ ಮೀಸಲಾತಿ ಅದರಲ್ಲಿ ಇರಲಿಲ್ಲ. ಬದಲಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಗುರುತಿನ ಪ್ರಮಾಣಪತ್ರ ಪಡೆಯುವ ನಿಯಮ ಬಂದು, ಸಮುದಾಯದವರೇ ಬೀದಿಗಿಳಿದರು.

ಈಗ ಆನೆಯ ವಿಷಯ. ನನ್ನ ಮಟ್ಟಿಗೆ ಮಸೂದೆಗಿಂತ ಪ್ರಶ್ನೆಯೇ ಹೆಚ್ಚು ಕೆಲಸ ಮಾಡುತ್ತದೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆ, ಚುಕ್ಕೆ ಗುರುತಿಲ್ಲದ 230 ಪ್ರಶ್ನೆ ಪಟ್ಟಿಗೆ ಸೇರುತ್ತವೆ. ಮೊದಲಿನವಕ್ಕೆ ಸಚಿವರು ಬಾಯಿಬಿಟ್ಟು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಎರಡನೆಯವಕ್ಕೆ ಬರಹದ ಉತ್ತರ. ವನ್ಯಜೀವಿ ಹಾವಳಿಯ ಬಗ್ಗೆ ಕೇಳಿದರೆ ಬರುವ ಉತ್ತರದಲ್ಲಿ, ವನ್ಯಜೀವಿಗಳ ನಿರ್ವಹಣೆ ಪ್ರಾಥಮಿಕವಾಗಿ ರಾಜ್ಯಗಳ ಹೊಣೆ ಎಂಬ ಸಾಲು ತಪ್ಪುವುದೇ ಅಪರೂಪ. ಇದು ಅರ್ಧ ನಿಜ. ಪೊಲೀಸ್ ರಾಜ್ಯಗಳಿಗೆ ಬಿಟ್ಟ ವಿಷಯಗಳ ರಾಜ್ಯಪಟ್ಟಿಯಲ್ಲಿದೆ, ಆದರೆ ಅರಣ್ಯ ಮತ್ತು ವನ್ಯಜೀವಿಗಳನ್ನು ಸಂವಿಧಾನದ 1976ರ 42ನೇ ತಿದ್ದುಪಡಿಯೇ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿದೆ. ರಾಷ್ಟ್ರೀಯ ಹೆದ್ದಾರಿಯಂತೂ ಕೇಂದ್ರದ್ದೇ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಇರುವ ಸಂಚಾರ ನಿಷೇಧವನ್ನೇ ನೋಡಿ: ಆದೇಶ ಜಿಲ್ಲಾಧಿಕಾರಿಯದು, ಎತ್ತಿಹಿಡಿದದ್ದು ಹೈಕೋರ್ಟ್, ರಸ್ತೆ ಕೇಂದ್ರದ್ದು, ತೆರವಿಗೆ ಒತ್ತಾಯ ಕೇರಳದ ಸಂಸದರದು. ಇಂಥ ಗೋಜಲಿನಲ್ಲಿ ಯಾರ ಕಡತ ಎಲ್ಲಿದೆ ಎಂದು ಬರಹದಲ್ಲಿ ಹೇಳಿಸುವುದೇ ಒಂದು ಗಳಿಕೆ.

ಕ್ಯಾಮೆರಾ ಕಾಣದ ಇನ್ನೊಂದು ಜಾಗ ಸ್ಥಾಯಿ ಸಮಿತಿ. ಇಲಾಖೆಗಳಿಗೆ ಸಂಬಂಧಿಸಿದ ಇಂಥ 24 ಸಮಿತಿಗಳಿವೆ. ಒಂದೊಂದರಲ್ಲೂ ಎರಡೂ ಸದನಗಳ 31 ಸದಸ್ಯರು. ವನ್ಯಜೀವಿ ಕಾಯ್ದೆಯ 2021ರ ತಿದ್ದುಪಡಿ ಮಸೂದೆ ಜೈರಾಂ ರಮೇಶ್ ಅಧ್ಯಕ್ಷತೆಯ ಸಮಿತಿಗೆ ಹೋಗಿ, ಸಾಕಿದ ಆನೆಗಳ ಸಾಗಾಟದ ಕಲಮಿನವರೆಗೂ ಜಾಲಾಡಿಸಿಕೊಂಡು ಬಂತು. ಆದರೆ ಸಮಿತಿಗೆ ಹೇಳುವ ಹಕ್ಕಿದೆ, ಮಾಡಿಸುವ ಹಕ್ಕಿಲ್ಲ. ಬಡತನ ರೇಖೆಗಿಂತ ಕೆಳಗಿರುವ 60ರಿಂದ 79 ವರ್ಷದವರ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಅದನ್ನು ಏರಿಸಿ ಎಂದು ಗ್ರಾಮೀಣಾಭಿವೃದ್ಧಿ ಸಮಿತಿ ಮತ್ತೆ ಮತ್ತೆ ಬರೆದಿದೆ.

 

ನಿಮ್ಮ ಸಂಸದರನ್ನು ಅಳೆಯಬೇಕಿದ್ದರೆ ಸಂಸತ್ತಿನ ಜಾಲತಾಣದಲ್ಲಿ ಅವರ ಹೆಸರಿನ ಕೆಳಗಿರುವ ಪ್ರಶ್ನೆಗಳನ್ನು ತೆರೆದು ಓದಿ. ದೇಶದಲ್ಲಿ ಆನೆಗಳು ಎಷ್ಟು ಎಂದು ಕೇಳಿದ್ದರೆ ಅದು ಹಾಜರಿ ಹಾಕುವ ಪ್ರಶ್ನೆ. ಆನೆ ದಾಟದಂತೆ ಹಾಕುವ ರೈಲು ಕಂಬಿಯ ತಡೆಬೇಲಿಗೆ ಮೂರು ವರ್ಷದಲ್ಲಿ ಎಷ್ಟು ಹಣ ಬಿಡುಗಡೆಯಾಯಿತು, ಎಷ್ಟು ಕಿಲೋಮೀಟರ್ ಮುಗಿಯಿತು, ಉಳಿದದ್ದು ಏಕೆ ನಿಂತಿದೆ ಎಂದು ಕೇಳಿದ್ದರೆ ಅವರು ಓದಿಕೊಂಡು ಬಂದವರು. ಸಚಿವಾಲಯ ಅದಕ್ಕೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಜಾರಿಕೊಂಡರೂ ಚಿಂತೆಯಿಲ್ಲ. ಸದನದಲ್ಲಿ ಆ ಮಾತು ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ವಿವರಣೆ ಕೊಡಬೇಕು.