ಪದ್ಮಿನಿ ತಗೊಳ್ಳೋದಾ, ಮೊದಲ ಮಾರುತಿ 800 ತಗೊಳ್ಳೋದಾ?

ಹಳೇ ಕಾರು ಸಾಕುವ ಆಸೆಯಿಂದ ಗ್ಯಾರೇಜಿಗೆ ಬರುವವರು ಹೆಚ್ಚಾಗಿ ಕೇಳುವುದು ಈ ಎರಡರ ಬಗ್ಗೆ. ಒಂದು ಪ್ರೀಮಿಯರ್ ಪದ್ಮಿನಿ. ಇನ್ನೊಂದು 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800, ಅಂದರೆ ಎಸ್‌ಎಸ್80. ಮಾರುತಿ ಆಮೇಲೆ ಬಂದಿದ್ದಲ್ವಾ, ರಿಪೇರಿ ಸುಲಭ ಇರುತ್ತದೆ ಅಂತ ಎಲ್ಲರ ಲೆಕ್ಕ. ನಾನು ನೋಡಿದ ಮಟ್ಟಿಗೆ ಅದು ಉಲ್ಟಾ.

ಶಕ್ತಿಯಲ್ಲಿ ಎರಡೂ ಸುಮಾರು 40 ಎಚ್‌ಪಿ. ಪದ್ಮಿನಿಯದು 1,089 ಸಿಸಿ, ನಾಲ್ಕು ಸಿಲಿಂಡರ್. ಮಾರುತಿಯದು 796 ಸಿಸಿ, ಮೂರೇ ಸಿಲಿಂಡರ್. ಆದರೆ ಪದ್ಮಿನಿ 900 ಕೆ.ಜಿ. ಹತ್ತಿರ ತೂಗುತ್ತದೆ, ಮಾರುತಿ 650ರ ಆಸುಪಾಸು. ಸಿಗ್ನಲ್ ಬಿಟ್ಟ ಕೂಡಲೇ ಮಾರುತಿ ಮುಂದೆ ನುಗ್ಗುವುದು ಅದಕ್ಕೇ.

ಪದ್ಮಿನಿ ಕೆಲಸ ಕೇಳುತ್ತದೆ, ನಿಜ. ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಯುತ್ತಿರಬೇಕು, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಿ ಗ್ಯಾಪ್ ಸೆಟ್ ಮಾಡಬೇಕು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಆದ್ದರಿಂದ ಅಡ್ಜಸ್ಟ್‌ಮೆಂಟ್ ತಪ್ಪುವ ಹಾಗಿಲ್ಲ. ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರಿನ ಬುಷ್ (ಲಿವರಿನ ಸಂದಿಯ ಸಣ್ಣ ಬಳೆ) ಸವೆದರೆ ಲಿವರ್ ಜೋಲಾಡುತ್ತದೆ, ಗೇರ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ, ಹೊಸಬರು ಅದನ್ನು ನೋಡಿ ಗೇರ್‌ಬಾಕ್ಸೇ ಹೋಯಿತು ಅಂತ ಗಾಬರಿಯಾಗುತ್ತಾರೆ. ಬುಷ್ ಬದಲಾಯಿಸಿದರೆ ಮುಗಿಯಿತು. ದಶಕಗಟ್ಟಲೆ ಹೆಚ್ಚು ಬದಲಾವಣೆ ಇಲ್ಲದೆ ತಯಾರಾದ ಗಾಡಿ, ಮುಂಬೈಯಲ್ಲಿ ಟ್ಯಾಕ್ಸಿಯಾಗಿ ಇದೇ ಓಡುತ್ತಿತ್ತು, ಹಾಗಾಗಿ ಸಾಮಾನು ಇನ್ನೂ ಸಿಗುತ್ತದೆ.

ಎಸ್‌ಎಸ್80 ಕಥೆ ಬೇರೆ. ಇಂಜಿನ್ ಚಿಂತೆಯಿಲ್ಲ, ಅದೇ 796 ಸಿಸಿ ಇಂಜಿನ್ ಓಮ್ನಿಯಲ್ಲೂ ಇತ್ತು. ಕಷ್ಟ ಇರುವುದು ಬಾಡಿಯಲ್ಲಿ. 1986ರಲ್ಲಿ ಕಂಪನಿ ಬಾಡಿಯನ್ನೇ ಬದಲಾಯಿಸಿತು. ಹೊಸ ಬಾಡಿಯ ಗ್ಲಾಸು, ಟೇಲ್ ಲೈಟು, ಡ್ಯಾಶ್‌ಬೋರ್ಡು ಮೊದಲಿನದಕ್ಕೆ ಕೂರುವುದಿಲ್ಲ. ಮೂರು ವರ್ಷ ಮಾತ್ರ ಬಂದ ಕಾರು, ಆಗ ಯಾರೂ ಅದನ್ನು ಜೋಪಾನ ಮಾಡಲಿಲ್ಲ, ಸುಮ್ನೆ ಗುಜರಿಗೆ ಹಾಕಿದರು. ಈಗ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರೂ ಒಂದು ಸರಿಯಾದ ಲೈಟ್ ಸಿಗುವುದು ಕಷ್ಟ. ನನಗೆ ಇದು ನಿಜವಾಗಿ ನೋವಿನ ವಿಷಯ.

ನೋಡಲು ಹೋಗುವಾಗ ಒಂದು ಸಣ್ಣ ಮ್ಯಾಗ್ನೆಟ್‌ಗೆ ಬಟ್ಟೆ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ, ಇಲ್ಲೆಲ್ಲ ನಿಧಾನವಾಗಿ ಆಡಿಸಿ. ಮ್ಯಾಗ್ನೆಟ್ ಅಂಟದೆ ಜಾರಿದರೆ ಅಲ್ಲಿ ತಗಡು ಇಲ್ಲ, ಪುಟ್ಟಿ ತುಂಬಿದ್ದಾರೆ. ಎರಡೂ ಕಾರಿಗೆ ಬೇರೆ ಚಾಸಿ (ಕೆಳಗಿನ ಚೌಕಟ್ಟು) ಇಲ್ಲ, ಬಾಡಿಯೇ ಆಧಾರ. ತಳ ತುಕ್ಕು ತಿಂದಿದ್ದರೆ ಪೇಂಟ್ ಎಷ್ಟೇ ಮಿಂಚಲಿ, ಬಿಟ್ಟುಬಿಡಿ.

ಕಾಗದಪತ್ರದಲ್ಲೂ ಪದ್ಮಿನಿಗೇ ಅನುಕೂಲ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. 1974ರ ಪದ್ಮಿನಿಗೆ ಆ ದಾರಿ ಈಗಲೇ ಇದೆ. 1984ರ ಮಾರುತಿ 2034ರವರೆಗೆ ಕಾಯಬೇಕು.

ಭಾನುವಾರ ಮನೆಯವರ ಜೊತೆ ಸುತ್ತಲು ಕೇಳಿದರೆ ನಾನು ಪದ್ಮಿನಿಯನ್ನೇ ಹೇಳುತ್ತೇನೆ. ಗ್ಲಾಸು, ಲೈಟು ಪೂರ್ತಿ ಇರುವ ಎಸ್‌ಎಸ್80 ಸಿಕ್ಕರೆ ಮಾತ್ರ ಇಂಜಿನ್ ಜಾಮ್ ಆಗಿದ್ದರೂ ಬಿಡಬೇಡಿ. ಯಾವುದೇ ತಂದರೂ ಮೊದಲು ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಂ (ಒಳಗಿನ ರಬ್ಬರ್ ಪೊರೆ) ಹೊಸದು ಹಾಕಿಸಿ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ.