ಸಂಚಾರ ಪೊಲೀಸರಿಗೆ ‘ಇಷ್ಟು ಕೇಸ್’ ಎಂಬ ಗುರಿ ಇದೆಯೇ?

ಪ್ರಶ್ನೆ: ತಿಂಗಳ ಕೊನೆಯ ವಾರ ಬಂತೆಂದರೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹೆಲ್ಮೆಟ್ ತಪಾಸಣೆ ಜೋರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ದಿನಕ್ಕೆ ಇಷ್ಟು ಗಾಡಿ ನಿಲ್ಲಿಸಬೇಕು, ಇಷ್ಟು ಕೇಸ್ ಹಾಕಬೇಕು ಎಂಬ ಟಾರ್ಗೆಟ್ ಪೊಲೀಸರಿಗೆ ನಿಜಕ್ಕೂ ಇರುತ್ತದೆಯೇ? ಇದ್ದರೆ ಅದಕ್ಕೆ ಕಾನೂನಿನ ಬಲವಿದೆಯೇ?

ಉತ್ತರ: ಕಾನೂನಿನಲ್ಲಿ ಅಂಥ ಗುರಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಾಗಲಿ, ಅದರಡಿ ರೂಪುಗೊಂಡ 1989ರ ಕೇಂದ್ರ ನಿಯಮಗಳಲ್ಲಾಗಲಿ, ಒಬ್ಬ ಅಧಿಕಾರಿ ದಿನಕ್ಕೋ ತಿಂಗಳಿಗೋ ಇಂತಿಷ್ಟು ಪ್ರಕರಣ ದಾಖಲಿಸಬೇಕೆಂದು ಹೇಳುವ ಒಂದು ಸಾಲೂ ಇಲ್ಲ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದಾಗ ಚಾಲಕರು ಪರವಾನಗಿ ತೋರಿಸಬೇಕೆಂದು ಕಲಂ 130 ಹೇಳುತ್ತದೆ. ಯಾವ ದರ್ಜೆಯ ಅಧಿಕಾರಿ, ಯಾವ ತಪ್ಪಿಗೆ, ಎಷ್ಟು ಮೊತ್ತ ಕಟ್ಟಿಸಿಕೊಂಡು ಪ್ರಕರಣವನ್ನು ಸ್ಥಳದಲ್ಲೇ ಮುಗಿಸಬಹುದು ಎಂಬುದನ್ನು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ಅಧಿಕಾರವನ್ನು ಕಲಂ 200 ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಇವೆರಡರಲ್ಲಿಯೂ ಪ್ರಕರಣಗಳ ಸಂಖ್ಯೆಯ ಮಾತು ಬರುವುದಿಲ್ಲ. ಆದರೆ ಉತ್ತರದ ಇನ್ನೊಂದು ಭಾಗವನ್ನೂ ಹೇಳಬೇಕು: ಗುರಿ ನಿಗದಿಪಡಿಸಬಾರದು ಎಂದು ಈ ಕಾಯ್ದೆ ನಿಷೇಧವನ್ನೂ ಹೇರಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರಿಗೆ ಬಂಧನ ಅಥವಾ ದಂಡದ ಚೀಟಿಗಳ ಕೋಟಾ ವಿಧಿಸುವಂತಿಲ್ಲ ಎಂದು ವಾಹನ ಸಂಹಿತೆಯೇ ಹೇಳುತ್ತದೆ. ಬಡ್ತಿಗೆ ಆ ಸಂಖ್ಯೆಯನ್ನೇ ಏಕೈಕ ಮಾನದಂಡ ಮಾಡಿಕೊಳ್ಳುವುದಕ್ಕೂ ಅಲ್ಲಿ ಅವಕಾಶವಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆ ಈ ವಿಷಯದಲ್ಲಿ ಮೌನವಾಗಿದೆ.

ಆ ಮೌನದ ಜಾಗವನ್ನು ಪರಿಶೀಲನಾ ಸಭೆಗಳು ತುಂಬುತ್ತವೆ. ಠಾಣೆಗಳ ಕೆಲಸವನ್ನು ಮೇಲಧಿಕಾರಿಗಳು ಪರಿಶೀಲಿಸುವಾಗ ಎದುರಿಗೆ ಬರುವುದು ಅಂಕಿಗಳ ಪಟ್ಟಿ: ಹೆಲ್ಮೆಟ್ ಇಲ್ಲದ್ದಕ್ಕೆ ಎಷ್ಟು, ಕುಡಿದು ಓಡಿಸಿದ್ದಕ್ಕೆ ಎಷ್ಟು, ಹಿಂದಿನ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ. ‘ಐವತ್ತು ಕೇಸ್ ತನ್ನಿ’ ಎಂದು ಯಾರೂ ಬರೆದು ಕೊಡಬೇಕಾಗಿಲ್ಲ. ಪಕ್ಕದ ಠಾಣೆಗಿಂತ ನಿಮ್ಮಲ್ಲಿ ಏಕೆ ಕಡಿಮೆ ಎಂಬ ಒಂದು ಪ್ರಶ್ನೆ ಸಾಕು, ಮರುದಿನ ಟೌನ್‌ಹಾಲ್ ವೃತ್ತದಲ್ಲಿ ನಿಲ್ಲುವ ಎಎಸ್‌ಐಗೆ ತಾನು ಏನು ಮಾಡಬೇಕೆಂಬುದು ಗೊತ್ತಾಗುತ್ತದೆ. ಇಂಥ ಒತ್ತಡ ಕೇವಲ ಜಿಲ್ಲಾ ಮಟ್ಟದ್ದೂ ಅಲ್ಲ. ಸುಪ್ರೀಂ ಕೋರ್ಟ್ 2014ರಲ್ಲಿ ರಚಿಸಿದ ರಸ್ತೆ ಸುರಕ್ಷತಾ ಸಮಿತಿಯು ಅತಿವೇಗ, ಕೆಂಪು ದೀಪದ ಉಲ್ಲಂಘನೆ, ಕುಡಿದು ಚಾಲನೆ, ಚಾಲನೆಯ ವೇಳೆ ಮೊಬೈಲ್ ಬಳಕೆ ಮೊದಲಾದ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಪರವಾನಗಿ ಅಮಾನತು ಮಾಡಬೇಕೆಂದು 2015ರಲ್ಲಿ ರಾಜ್ಯಗಳಿಗೆ ಸೂಚಿಸಿ, ಕೈಗೊಂಡ ಕ್ರಮದ ವರದಿಯನ್ನೂ ಕೇಳತೊಡಗಿತು. ಮೇಲಿನವರು ವರದಿ ಕೇಳಿದರೆ ಕೆಳಗಿನವರು ಲೆಕ್ಕ ಒಪ್ಪಿಸಲೇಬೇಕಾಗುತ್ತದೆ.

ದಂಡದಲ್ಲಿ ಪೊಲೀಸರಿಗೆ ಪಾಲು ಇದೆ ಎಂಬ ನಂಬಿಕೆಗೆ ಆಧಾರವಿಲ್ಲ. ರಶೀದಿ ಕೊಟ್ಟು ಪಡೆದ ಹಣ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ. (ರಶೀದಿ ಇಲ್ಲದೆ ಪಡೆದದ್ದು ದಂಡವೇ ಅಲ್ಲ, ಲಂಚ, ಅದನ್ನು ವಿಚಾರಿಸಬೇಕಾದವರು ಲೋಕಾಯುಕ್ತ ಪೊಲೀಸರು.) ಅಮೆರಿಕದ ಫರ್ಗ್ಯುಸನ್ ಪಟ್ಟಣದ ಬಗ್ಗೆ ಅಲ್ಲಿನ ನ್ಯಾಯ ಇಲಾಖೆ 2015ರಲ್ಲಿ ಕೊಟ್ಟ ವರದಿಯು, ಪಟ್ಟಣದ ಆದಾಯ ಹೆಚ್ಚಿಸುವ ಸಲುವಾಗಿಯೇ ಪೊಲೀಸರ ಮೇಲೆ ದಂಡ ವಸೂಲಿಯ ಒತ್ತಡವಿತ್ತು ಎಂದು ಹೇಳಿತು. ಅಲ್ಲಿ ಪೊಲೀಸ್ ಇಲಾಖೆ ಪಟ್ಟಣಾಡಳಿತದ್ದು. ನಮ್ಮಲ್ಲಿ ಪೊಲೀಸರು ರಾಜ್ಯ ಸರ್ಕಾರದವರು, ಬಿ.ಎಚ್. ರಸ್ತೆಯಲ್ಲಿ ಎಷ್ಟು ಹೆಲ್ಮೆಟ್ ಕೇಸ್ ಬಿದ್ದರೂ ತುಮಕೂರು ಮಹಾನಗರ ಪಾಲಿಕೆಯ ಬಜೆಟ್ ಅದರಿಂದ ಬೆಳೆಯುವುದಿಲ್ಲ. ಅಷ್ಟೇ ಅಲ್ಲ, ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ತಿದ್ದುಪಡಿ 1,000 ರೂಪಾಯಿ ನಿಗದಿ ಮಾಡಿದ್ದನ್ನು 2019ರ ಸೆಪ್ಟೆಂಬರ್‌ನಲ್ಲಿ 500ಕ್ಕೆ ಇಳಿಸಿದ್ದೂ, 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50ರ ರಿಯಾಯಿತಿ ಕೊಟ್ಟದ್ದೂ ರಾಜ್ಯ ಸರ್ಕಾರವೇ.

ಹೀಗಾಗಿ ನನ್ನ ತಕರಾರು ಹಣಕ್ಕಿಂತ ಹೆಚ್ಚಾಗಿ ಎಣಿಕೆಯ ಬಗ್ಗೆ. ಕೆಲಸವನ್ನು ಎಣಿಸುವುದು ತಪ್ಪಲ್ಲ. ಸುಲಭವಾಗಿ ಎಣಿಸಬಹುದಾದ ಕೆಲಸವನ್ನಷ್ಟೇ ಎಣಿಸುವುದು ತಪ್ಪು. ಊರೊಳಗಿನ ವೃತ್ತದಲ್ಲಿ ನಿಂತರೆ ಒಂದು ಗಂಟೆಯಲ್ಲಿ ಹತ್ತಾರು ಹೆಲ್ಮೆಟ್ ಪ್ರಕರಣ ಸಿಗುತ್ತವೆ, ರಾತ್ರಿ ಹೆದ್ದಾರಿಯಲ್ಲಿ ನಿಂತರೆ ಒಂದೆರಡೂ ಸಿಗದಿರಬಹುದು. 2022ರ ಆಗಸ್ಟ್‌ನಲ್ಲಿ ಶಿರಾ ತಾಲ್ಲೂಕಿನಲ್ಲಿ ಕೂಲಿಕಾರರನ್ನು ಕಿಕ್ಕಿರಿದು ತುಂಬಿಕೊಂಡು ಬರುತ್ತಿದ್ದ ಕ್ರೂಸರ್ ವಾಹನವು ಲಾರಿಗೆ ಡಿಕ್ಕಿಯಾಗಿ 9 ಮಂದಿ ಸತ್ತರು. 2023ರ ಅಕ್ಟೋಬರ್‌ನಲ್ಲಿ ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ ಹನ್ನೆರಡಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಮಿತಿಮೀರಿ ಜನ ತುಂಬಿದ ಗಾಡಿಯನ್ನು ತಡೆದು ಅವರಿಗೆ ಬೇರೆ ವಾಹನ ಗೊತ್ತುಮಾಡುವುದು, ರಸ್ತೆಯಲ್ಲಿ ನಿಂತ ಲಾರಿಯನ್ನು ಪಕ್ಕಕ್ಕೆ ಸರಿಸುವುದು ಅರ್ಧ ದಿನದ ಕೆಲಸ, ಪಟ್ಟಿಯಲ್ಲಿ ಮಾತ್ರ ಅದು ಒಂದೇ ಅಂಕಿ. ಹೆಲ್ಮೆಟ್ ತಪಾಸಣೆ ಬೇಡವೆಂದು ನಾನು ಹೇಳುತ್ತಿಲ್ಲ, ಅದರಿಂದ ತಲೆ ಉಳಿಯುತ್ತದೆ. ಆದರೆ ಸಂಖ್ಯೆಯೇ ಮುಖ್ಯವಾದ ಕಡೆ ಸಿಬ್ಬಂದಿ ಕೋಲಾರದ ಹೆದ್ದಾರಿ 75ನ್ನು ಬಿಟ್ಟು ಊರೊಳಗಿನ ವೃತ್ತಕ್ಕೆ ಬರುವುದು ಸಹಜ.

ಗಾಡಿ ನಿಲ್ಲಿಸುವ ವಿಷಯದಲ್ಲಿ ಇಲಾಖೆಯೇ ತನಗೆ ಮಿತಿ ಹಾಕಿಕೊಂಡಿದೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ನೋಡಲೆಂದೇ ವಾಹನ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ 2022ರಲ್ಲಿ ಸ್ಪಷ್ಟಪಡಿಸಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆಂದು ಬೈಕ್ ತಡೆದಾಗ ಕೆಳಗೆ ಬಿದ್ದ ಪುಟ್ಟ ಮಗು ಪ್ರಾಣ ಕಳೆದುಕೊಂಡ ಮೇಲೆ, ಮಹಾನಿರ್ದೇಶಕ ಎಂ.ಎ. ಸಲೀಂ ಇದೇ ಅರ್ಥದ ಸೂಚನೆಗಳನ್ನು ಮತ್ತೆ ಹೊರಡಿಸಿದರು.

ಇನ್ನು ನಿಮ್ಮ ಮಟ್ಟಿಗೆ. ‘ಅವರಿಗೆ ಟಾರ್ಗೆಟ್ ಇತ್ತು’ ಎಂಬ ವಾದದಿಂದ ನ್ಯಾಯಾಲಯದಲ್ಲಿ ಪ್ರಯೋಜನವಾಗದು. ಹೆಲ್ಮೆಟ್ ಇರಲಿಲ್ಲವೆಂದರೆ ಇರಲಿಲ್ಲ. ತಪ್ಪು ಮಾಡಿಲ್ಲವೆಂದಾದರೆ ಸ್ಥಳದಲ್ಲೇ ದಂಡ ಕಟ್ಟಬೇಕೆಂಬ ಕಡ್ಡಾಯವಿಲ್ಲ, ಒಪ್ಪದೆ ನ್ಯಾಯಾಲಯದಲ್ಲಿ ಉತ್ತರ ಕೊಡಬಹುದು. ಡಿಜಿಲಾಕರ್‌ನಲ್ಲಿರುವ ಡಿಎಲ್, ಆರ್‌ಸಿ ತೋರಿಸಿದರೂ ಅವನ್ನು ದಾಖಲೆಯೆಂದೇ ಪರಿಗಣಿಸಬೇಕು. ತಿಂಗಳ ಕೊನೆಯಲ್ಲಿ ತಪಾಸಣೆ ಜೋರಾಗುತ್ತದೆ ಎಂಬ ಮಾತು ನಿಜವೇ ಎಂದು ತಿಳಿಯಲು ಊಹೆಗಿಂತ ಒಳ್ಳೆಯ ದಾರಿಯಿದೆ. ಮಾಹಿತಿ ಹಕ್ಕು ಕಾಯ್ದೆಯಡಿ ಜಿಲ್ಲಾ ಎಸ್‌ಪಿ ಕಚೇರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟು, ಒಂದು ವರ್ಷದ ಪ್ರಕರಣಗಳ ದಿನವಾರು ಸಂಖ್ಯೆಯನ್ನು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಗುರಿ ನಿಗದಿಪಡಿಸಿದ ಸುತ್ತೋಲೆ ಇದ್ದರೆ ಅದರ ಪ್ರತಿಯನ್ನು ಇನ್ನೊಂದು ಅರ್ಜಿಯಲ್ಲಿ ಕೇಳುವುದು ಒಳ್ಳೆಯದು, ಏಕೆಂದರೆ ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದೂ 150 ಪದಗಳನ್ನು ಮೀರಬಾರದು.